ಧ್ಯಾನ ಮಾಡುವಾಗ ಕೈಮುದ್ರೆ ಹಿಡಿಯಲೇಬೇಕಾ?

ಹಿಡಿಯಲೇಬೇಕು ಅಂತೇನಿಲ್ಲ. ಪತಂಜಲಿಯ ಯೋಗಸೂತ್ರದಲ್ಲಿ ಕೈಮುದ್ರೆಯ ಮಾತೇ ಬರುವುದಿಲ್ಲ. ಹಠಯೋಗದ ಹಳೆಯ ಗ್ರಂಥವಾದ ಹಠಯೋಗ ಪ್ರದೀಪಿಕೆಯ 10 ಮುದ್ರೆಗಳೂ ಬೆರಳಿನವಲ್ಲ.

ಆದರೂ ಕೈಗೊಂದು ಜಾಗ ಇದ್ದರೆ ಕೂರುವುದು ಸುಲಭ. ನನಗೆ ಇಷ್ಟವಾದದ್ದು ಜಪಾನಿನ ಬೌದ್ಧ ಧ್ಯಾನಪಂಥ ಝೆನ್‌ನ ಕ್ರಮ. ಬಲ ಅಂಗೈ ಮೇಲೆ ಎಡ ಅಂಗೈ ಇಟ್ಟು, ಹೆಬ್ಬೆರಳ ತುದಿಗಳನ್ನು ಸುಮ್ನೆ ತಾಗಿಸುವುದು. ತೂಕಡಿಕೆ ಬಂದರೆ ಹೆಬ್ಬೆರಳು ಜಾರುತ್ತವೆ. ಮನಸ್ಸು ಬಿಗಿಯಾದರೆ ಒಂದನ್ನೊಂದು ಒತ್ತುತ್ತವೆ. ಒಳಗೇನಾಗುತ್ತಿದೆ ಅಂತ ಕೈಯೇ ಹೇಳಿಬಿಡುತ್ತದೆ, ಅಲ್ವಾ?

ತೋರುಬೆರಳು, ಹೆಬ್ಬೆರಳ ತುದಿ ಸೇರಿಸುವ ಚಿನ್ಮುದ್ರೆಯನ್ನು ದಕ್ಷಿಣಾಮೂರ್ತಿಯ ವಿಗ್ರಹಗಳಲ್ಲಿ ನೋಡಿರುತ್ತೀರಿ. ತೋರುಬೆರಳು ಜೀವ, ಹೆಬ್ಬೆರಳು ಪರಮಾತ್ಮ, ಎರಡೂ ಕೂಡುವುದು ಅದರ ಅರ್ಥ. ಬೆರಳು ನೋಯುವಷ್ಟು ಒತ್ತಬೇಡಿ.

ಇನ್ನೊಂದು ಮಾತು: ಮುದ್ರೆಯಿಂದ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎನ್ನುವ ವಿಡಿಯೊ ನಂಬಿ ಮಾತ್ರೆ ನಿಲ್ಲಿಸಬೇಡಿ.