ಎರಡು ಬಣಗಳ ನಡುವೆ ಒಬ್ಬ ಅಧ್ಯಾಪಕ

ಪ್ರಶ್ನೆ: ಪಿಎಚ್.ಡಿ. ಮುಗಿಸಿ ರಾಜ್ಯದ ವಿಶ್ವವಿದ್ಯಾಲಯವೊಂದಕ್ಕೆ ಸಹಾಯಕ ಪ್ರಾಧ್ಯಾಪಕನಾಗಿ ಸೇರಿ ಮೂರು ವರ್ಷಗಳಾದವು. ಪಾಠ ಮಾಡುವುದರಲ್ಲಿ ನನಗೆ ಸಂತೋಷವಿದೆ. ಆದರೆ ವಿಭಾಗದ ಹಿರಿಯರಲ್ಲಿ ಎರಡು ಬಣಗಳಿದ್ದು, ಒಬ್ಬರ ಕೊಠಡಿಯಲ್ಲಿ ಚಹಾ ಕುಡಿದರೆ ಇನ್ನೊಬ್ಬರು ಮಾತು ಬಿಡುತ್ತಾರೆ. ನಾನು ಬೋಧಿಸಬೇಕೆಂದಿದ್ದ ಪತ್ರಿಕೆ ಈ ಬಾರಿ ಬೇರೆಯವರ ಪಾಲಾಯಿತು. ವಿಭಾಗದ ಅಧ್ಯಕ್ಷರು ಬಡ್ತಿಗೂ ಅಡ್ಡಬರಬಹುದೆಂಬ ಭಯವಿದೆ. ಒಂದು ಬಣಕ್ಕೆ ಸೇರಲೇ, ಕೆಲಸವನ್ನೇ ಬಿಡಲೇ?
– ಹೆಸರು ಬೇಡ

ಉತ್ತರ: ನಿಮ್ಮ ಪತ್ರದಲ್ಲಿ ಸಂತೋಷಕ್ಕೆ ಒಂದೇ ಸಾಲು ಸಿಕ್ಕಿದೆ, ಉಳಿದದ್ದೆಲ್ಲ ದೂರು. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಪಿಟ್ಸ್‌ಬರ್ಗ್ ಸುತ್ತಲಿನ ಸುಮಾರು 200 ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಮಾತನಾಡಿಸಿ 1959ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತೃಪ್ತಿ ಕೊಡುವ ಸಂಗತಿಗಳು ಬೇರೆ, ಅತೃಪ್ತಿ ಹುಟ್ಟಿಸುವ ಸಂಗತಿಗಳೇ ಬೇರೆ: ಕೆಲಸ, ಸಾಧನೆ, ಮನ್ನಣೆಗಳು ಮೊದಲ ಗುಂಪಿಗೆ ಸೇರಿದರೆ, ಮೇಲಧಿಕಾರಿಯ ವರ್ತನೆ, ಸಂಸ್ಥೆಯ ನೀತಿ, ಸಹೋದ್ಯೋಗಿಗಳ ಸಂಬಂಧಗಳು ಎರಡನೆಯದಕ್ಕೆ ಸೇರುತ್ತವೆ. ಹೀಗಾಗಿ ಬಣ ಸೇರಿದರೆ ಕಿರಿಕಿರಿ ಕೊಂಚ ತಗ್ಗೀತೇ ಹೊರತು ತೃಪ್ತಿ ಹೆಚ್ಚದು. ತರಗತಿ ಎಷ್ಟೇ ಚೆನ್ನಾಗಿ ನಡೆದರೂ ವಿಭಾಗದ ರಾಜಕೀಯ ಅದರಿಂದ ಕರಗದು. (ಗೆದ್ದರೆ ನನ್ನಿಂದ, ಸೋತರೆ ಮೇಲಿನವರಿಂದ ಎನ್ನುವುದು ಮನುಷ್ಯಸ್ವಭಾವವಾದ್ದರಿಂದ ಇಂಥ ಸಂದರ್ಶನಗಳನ್ನು ಪೂರ್ತಿ ನಂಬಬಾರದೆಂಬ ಆಕ್ಷೇಪವೂ ಇದೆ. ಆ ಪತ್ರಿಕೆ ಕೈತಪ್ಪಿದ್ದು ಬಣದಿಂದಲೋ ಸೇವಾ ಹಿರಿತನದಿಂದಲೋ ಎಂದು ನೀವೂ ಒಮ್ಮೆ ವಿಚಾರಿಸಿ.)

ಬಡ್ತಿಯ ಭಯಕ್ಕೆ ಮಾತ್ರ ನೇರ ಉತ್ತರವಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿಯಂತೆ ಪಿಎಚ್.ಡಿ. ಇರುವ ಸಹಾಯಕ ಪ್ರಾಧ್ಯಾಪಕರು 4 ವರ್ಷಗಳ ಸೇವೆಯ ನಂತರ ವೇತನದ 10ನೇ ಹಂತದಿಂದ 11ಕ್ಕೆ ಏರಬಹುದು. ಅದಕ್ಕೆ ತರಬೇತಿ ಮತ್ತು ಪ್ರಕಟಣೆಯ ಷರತ್ತುಗಳ ಜೊತೆಗೆ, ನಾಲ್ಕರಲ್ಲಿ ಕನಿಷ್ಠ 3 ವರ್ಷಗಳ ವಾರ್ಷಿಕ ಕಾರ್ಯಮೌಲ್ಯಮಾಪನ ವರದಿಯಲ್ಲಿ ‘ತೃಪ್ತಿಕರ’ ಅಥವಾ ‘ಉತ್ತಮ’ ಎಂಬ ದರ್ಜೆ ಬೇಕು. ಬೋಧನೆಯ ದರ್ಜೆಯನ್ನು ಅಳೆಯುವುದು ನಿಮಗೆ ವಹಿಸಿದ ತರಗತಿಗಳಲ್ಲಿ ಎಷ್ಟನ್ನು ತೆಗೆದುಕೊಂಡಿರಿ ಎಂಬುದರಿಂದ: ಶೇಕಡಾ 80 ಅಥವಾ ಹೆಚ್ಚಾದರೆ ಉತ್ತಮ, 70ರಿಂದ 80ರೊಳಗಾದರೆ ತೃಪ್ತಿಕರ. ಪರಿಶೀಲನಾ ಸಮಿತಿಯಲ್ಲಿ ಕುಲಪತಿ, ಡೀನ್, ವಿಷಯತಜ್ಞರೂ ಇರುತ್ತಾರೆ. ವಿಭಾಗದ ಅಧ್ಯಕ್ಷರದು ಹಲವರಲ್ಲಿ ಒಂದು ಧ್ವನಿ. ಅವರಿಗೆ ತೊಂದರೆ ಕೊಡುವ ಶಕ್ತಿಯೇ ಇಲ್ಲವೆನ್ನಲಾರೆ. ಕಡತವನ್ನು ಮೇಜಿನ ಮೇಲೆಯೇ ಕೊಳೆಯಿಸುವ ವಿದ್ಯೆ ನಮ್ಮ ಕಚೇರಿಗಳಿಗೆ ಹೊಸದಲ್ಲ. ಆದ್ದರಿಂದ ಹಾಜರಿ ಪುಸ್ತಕ, ಕಾರ್ಯದಿನಚರಿ, ತರಬೇತಿ ಪ್ರಮಾಣಪತ್ರಗಳ ಪ್ರತಿಗಳು ನಿಮ್ಮ ಬಳಿಯೂ ಇರಲಿ, ಸಲ್ಲಿಸುವ ಪ್ರತಿಯೊಂದು ಅರ್ಜಿಗೂ ಸ್ವೀಕೃತಿ ಪಡೆಯಿರಿ. ನಿಮ್ಮ ವಿಶ್ವವಿದ್ಯಾಲಯ ಆ ನಿಯಮಗಳನ್ನು ಯಾವ ರೂಪದಲ್ಲಿ ಅಳವಡಿಸಿಕೊಂಡಿದೆ ಎಂಬುದನ್ನು ಕುಲಸಚಿವರ ಕಚೇರಿಯಲ್ಲಿ ಈಗಲೇ ಓದಿಕೊಳ್ಳಿ.

ಬಣ ಸೇರುವುದರಲ್ಲಿ ಲೌಕಿಕ ಲಾಭವೂ ಕಡಿಮೆಯೇ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಅಧ್ಯಕ್ಷಗಿರಿ ಸರದಿಯಂತೆ ಕೈ ಬದಲಾಗುತ್ತದೆ. ಇಂದು ನೀವು ಆಶ್ರಯಿಸಿದವರ ಎದುರಾಳಿಯೇ ನಾಳೆ ವೇಳಾಪಟ್ಟಿ ಬರೆಯಬಹುದು. ಇಬ್ಬರ ಕೊಠಡಿಯಲ್ಲೂ ಚಹಾ ಕುಡಿಯಿರಿ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಬೇಡಿ. ಬೇಕಾದ ಪತ್ರಿಕೆಯನ್ನು ಸೆಮಿಸ್ಟರ್ ಆರಂಭಕ್ಕೆ ಮುನ್ನ ಲಿಖಿತವಾಗಿ ಕೇಳಿ, ವಿಭಾಗದ ಸಭೆಯ ನಡವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ರಾಜೀನಾಮೆಯ ವಿಚಾರವನ್ನು ಬಡ್ತಿ ಆದೇಶ ಕೈಸೇರಿದ ಮೇಲೆ ಬೇಕಿದ್ದರೆ ಮತ್ತೆ ಎತ್ತಿಕೊಳ್ಳಿ. ಅರ್ಹತೆಗೆ ಒಂದೇ ವರ್ಷ ಬಾಕಿಯಿರುವಾಗ ಸೇವೆ ಬಿಟ್ಟರೆ ನಷ್ಟ ನಿಮ್ಮದು ಮಾತ್ರ.