ಮೊದಲ ಸಲ ದೇವಸ್ಥಾನಕ್ಕೆ ಹೋಗುವವರು ಏನು ತಿಳಿದಿರಬೇಕು?

ನೀವು ಕ್ರಿಶ್ಚಿಯನ್ ಮನೆಯಲ್ಲಿ ಬೆಳೆದವರು, ಕೆಲಸಕ್ಕೆ ಅಂತ ದಾವಣಗೆರೆಗೆ ಬಂದಿದ್ದೀರಿ, ಒಂದು ಸಲವಾದರೂ ಗುಡಿ ನೋಡಬೇಕು, ಆದರೆ ಏನಾದರೂ ತಪ್ಪಾದರೆ ಅನ್ನೋ ಭಯ ಅಂತ ಬರೆದಿದ್ದೀರಿ. ಭಯ ಬೇಡ, ಹೋಗಿ ಬನ್ನಿ. ನಾನು ಇದೇ ಊರಿನವನು. ನನ್ನನ್ನು ಕೇಳಿದರೆ ಮೊದಲ ಸಲಕ್ಕೆ ಹರಿಹರದ ಹರಿಹರೇಶ್ವರ ದೇವಸ್ಥಾನಕ್ಕೇ ಹೋಗಿ. ದಾವಣಗೆರೆಯಿಂದ ಸುಮಾರು 14 ಕಿಲೋಮೀಟರ್, ಬಸ್ಸು ಬೇಕಾದಷ್ಟು ಸಿಗುತ್ತವೆ.

ಅದನ್ನೇ ಯಾಕೆ ಹೇಳುತ್ತಿದ್ದೀನಿ ಅಂದರೆ, ಅಲ್ಲಿ ಒಳಗೆ ಹೋದ ತಕ್ಷಣ ದೇವರ ಮುಂದೆ ನಿಲ್ಲಬೇಕು ಅಂತೇನಿಲ್ಲ. ಮುಂದೆ ದೊಡ್ಡ ಮಂಟಪ ಇದೆ, ಅಂಚಿನಲ್ಲಿ ಕಲ್ಲಿನ ಜಗಲಿ ಇದೆ. ಅಲ್ಲಿ ಸುಮ್ನೆ ಕೂತು ಬಂದವರು ಏನು ಮಾಡುತ್ತಾರೆ ಅಂತ ನೋಡಿ. ಕಡೆದು ನುಣುಪು ಮಾಡಿದ ಕಂಬಗಳನ್ನು ಹತ್ತಿರ ಹೋಗಿ ನೋಡಿ. ಈ ಗುಡಿ ಹೊಯ್ಸಳ ರಾಜ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ್ದು. ಆವರಣದಲ್ಲಿ ಹಳಗನ್ನಡದ ಶಾಸನದ ಕಲ್ಲುಗಳೂ ಇವೆ. ಒಳಗಿರುವ ಹರಿಹರನ ವಿಗ್ರಹದ ಬಲ ಅರ್ಧ, ಅಂದರೆ ಎದುರು ನಿಂತ ನಿಮಗೆ ಎಡಕ್ಕೆ ಕಾಣುವುದು, ಶಿವ. ಇನ್ನರ್ಧ ವಿಷ್ಣು. ಅಲಂಕಾರ ಜಾಸ್ತಿ ಇದ್ದರೆ ಗೊತ್ತಾಗುವುದಿಲ್ಲ, ಆಗ ಅರ್ಚಕರನ್ನೇ ಕೇಳಿ. ಶಿವ ದೊಡ್ಡವನೋ ವಿಷ್ಣು ದೊಡ್ಡವನೋ ಅಂತ ಜಗಳ ಆಡುವವರ ನಡುವೆ ಇಬ್ಬರನ್ನೂ ಒಂದೇ ಮೈಯಲ್ಲಿ ನಿಲ್ಲಿಸಿದ ಊರು ಇದು, ನನಗೆ ಅದಕ್ಕೇ ಈ ಗುಡಿ ಅಂದರೆ ತುಂಬಾ ಹೆಮ್ಮೆ.

ಚಪ್ಪಲಿ ಹೊರಗೆ ಬಿಡಿ. ಬೇಸಿಗೆಯಲ್ಲಿ ಕಲ್ಲು ಕಾಲು ಸುಡುತ್ತದೆ, ಬೆಳಿಗ್ಗೆ ಬೇಗ ಹೋಗಿ. ಬಟ್ಟೆ ಮೈ ಮುಚ್ಚುವಂತಿದ್ದರೆ ಸಾಕು. ಹೊಸ್ತಿಲು ತುಳಿಯಬೇಡಿ, ದಾಟಿ ಹೋಗಿ. ಗರ್ಭಗುಡಿಯೊಳಗೆ ಹೋಗುವಂತಿಲ್ಲ, ಅದು ನಮಗೂ ಇಲ್ಲ. ಅಲ್ಲಿ ಫೋಟೋನೂ ಬೇಡ.

ಮಂಗಳಾರತಿ ತಟ್ಟೆ ಬಂದಾಗ ಎರಡೂ ಅಂಗೈಯನ್ನು ದೀಪದ ಮೇಲೆ ಹಿಡಿದು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ತಟ್ಟೆಗೆ ಹತ್ತು ರೂಪಾಯಿ ಹಾಕಿದರೂ ಸರಿ, ಹಾಕದಿದ್ದರೂ ಸರಿ. ತೀರ್ಥಕ್ಕೆ ಬಲಗೈಯನ್ನು ಕುಳಿ ಮಾಡಿ, ಕೆಳಗೆ ಎಡಗೈ ಆಸರೆ ಕೊಡಿ. ಕುಡಿದ ಮೇಲೆ ಒದ್ದೆ ಕೈಯನ್ನು ತಲೆಗೆ ಸವರಿಕೊಳ್ಳುತ್ತಾರೆ. ಅರ್ಚನೆ, ಅಂದರೆ ನಿಮ್ಮ ಹೆಸರಿನಲ್ಲಿ ಪೂಜೆ ಮಾಡಿಸಿದರೆ ಗೋತ್ರ (ವಂಶದ ಹೆಸರು), ಹುಟ್ಟಿದ ನಕ್ಷತ್ರ ಕೇಳುತ್ತಾರೆ. ಹೊಸಬರು ಗಾಬರಿ ಆಗುವುದು ಇಲ್ಲೇ. ಹೆಸರು ಮಾತ್ರ ಹೇಳಿ, ಗೋತ್ರ ಗೊತ್ತಿಲ್ಲ ಅನ್ನಿ. ನಮ್ಮಲ್ಲೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ, ಅರ್ಚಕರು ಮುಂದುವರಿಸುತ್ತಾರೆ.

ಕುಂಕುಮ, ತೀರ್ಥ, ಪ್ರಸಾದ ಬೇಡ ಅಂದರೆ ಬೇಜಾರಾಗುತ್ತಾ ಅಂತಲೂ ಕೇಳಿದ್ದೀರಿ ಅಲ್ವಾ? ಇಲ್ಲ. ಕೈ ಮುಗಿದು ಪಕ್ಕಕ್ಕೆ ಸರಿದರೆ ಸಾಕು, ಯಾರೂ ಒತ್ತಾಯ ಮಾಡುವುದಿಲ್ಲ. ಆದರೆ ಕೈಗೆ ತೆಗೆದುಕೊಂಡ ಪ್ರಸಾದವನ್ನು ಕಂಬದ ಬುಡದಲ್ಲಿ ಇಟ್ಟು ಬರಬೇಡಿ, ನೋಡಿದವರಿಗೆ ನೋವಾಗುತ್ತದೆ. ತಿನ್ನುವುದಿಲ್ಲ ಅಂತಾದರೆ ಪಕ್ಕದಲ್ಲಿ ಕೂತ ಅಜ್ಜಿಗೋ ಮಗುವಿಗೋ ಕೊಡಿ, ಖುಷಿಯಿಂದ ತಗೋತಾರೆ.