ಕ್ರೀಡಾ ಪ್ರಶ್ನೋತ್ತರ: ಛೆಟ್ರಿ ಗೊತ್ತು, ಗುರ್‌ಪ್ರೀತ್ ಯಾಕೆ ಗೊತ್ತಿಲ್ಲ?

ಪ್ರಶ್ನೆ: ಭಾರತದ ಫುಟ್‌ಬಾಲ್ ಎಂದರೆ ನಮ್ಮೂರಲ್ಲಿ ಎಲ್ಲರ ಬಾಯಿಗೂ ಬರುವುದು ಸುನಿಲ್ ಛೆಟ್ರಿ ಹೆಸರೊಂದೇ. ಗೋಲ್‌ಕೀಪರ್ ಗುರ್‌ಪ್ರೀತ್, ಡಿಫೆಂಡರ್ ಜಿಂಗನ್ ಆಟದಲ್ಲಿ ಅಷ್ಟು ಕಡಿಮೆಯೇ?
— ಓದುಗರು, ಮದ್ದೂರು

ಆಟದಲ್ಲಿ ಕಡಿಮೆಯಿಲ್ಲ, ಕಣ್ಣಿಗೆ ಬೀಳುವುದರಲ್ಲಿ ಕಡಿಮೆ. 2023ರ ಸ್ಯಾಫ್ (ದಕ್ಷಿಣ ಏಷ್ಯಾ ದೇಶಗಳ) ಟೂರ್ನಿಯನ್ನೇ ನೋಡಿ, ಬೆಂಗಳೂರಿನ ಕಂಠೀರವದಲ್ಲಿ ನಡೆದದ್ದು. ಪಾಕಿಸ್ತಾನದ ಮೇಲೆ ಛೆಟ್ರಿ ಹ್ಯಾಟ್ರಿಕ್ ಹೊಡೆದದ್ದು ಎಲ್ಲರಿಗೂ ನೆನಪಿದೆ. ಫೈನಲ್‌ನಲ್ಲಿ ಕುವೈತ್ ಜೊತೆ 1-1, ಪೆನಾಲ್ಟಿಯಲ್ಲೂ ಐದೈದು ಒದೆತ ಮುಗಿದಾಗ 4-4. ಆರನೆಯದನ್ನು ಮಹೇಶ್ ಸಿಂಗ್ ಗೋಲಿಗೆ ಹಾಕಿದರು, ಕುವೈತ್ ನಾಯಕನ ಚೆಂಡನ್ನು ಗುರ್‌ಪ್ರೀತ್ ಹಾರಿ ತಡೆದರು. ಕಪ್ ಬಂದದ್ದು ಆ ಕೈಯಿಂದ. ಆದರೆ ತಡೆದ ಚೆಂಡಿಗೆ ಸ್ಕೋರ್‌ಬೋರ್ಡಿನಲ್ಲಿ ಜಾಗವಿಲ್ಲ.

ಎರಡನೆಯ ಕಾರಣ ಕಾಲ. ಛೆಟ್ರಿ 2005ರಲ್ಲಿ ಪಾಕಿಸ್ತಾನದ ಕ್ವೆಟ್ಟಾದಲ್ಲಿ ದೇಶಕ್ಕಾಗಿ ಆಡಿದ ಮೊದಲ ಪಂದ್ಯದಲ್ಲೇ ಗೋಲು. 2024ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ವಿದಾಯ ಹೇಳುವಾಗ 151 ಪಂದ್ಯ, 94 ಗೋಲು. 2025ರಲ್ಲಿ ಮರಳಿ ಬಂದು ಮಾಲ್ಡೀವ್ಸ್ ಮೇಲೆ ಇನ್ನೊಂದು. ಒಂದು ತಲೆಮಾರು ಅವರನ್ನು ನೋಡುತ್ತಲೇ ಬೆಳೆಯಿತು.

ಊರಿನ ಲೆಕ್ಕವೂ ಇದೆ. ಛೆಟ್ರಿ 2013ರಲ್ಲೇ ಬೆಂಗಳೂರು ಎಫ್‌ಸಿ ಕ್ಲಬ್ಬಿಗೆ ಬಂದರು, ಹಾಗಾಗಿ ಮಂಡ್ಯ-ಮೈಸೂರಿಗೆ ಅವರು ನಮ್ಮವರು. ಜಿಂಗನ್ ಹೆಸರು ಮಾಡಿದ್ದು ಕೇರಳ ಬ್ಲಾಸ್ಟರ್ಸ್‌ನಲ್ಲಿ. ಕೊಚ್ಚಿಯಲ್ಲಿ ಕೇಳಿದರೆ ಉತ್ತರ ಬೇರೆಯೇ ಬಂದೀತು.

ಇಷ್ಟಾದರೂ ಈ ಜನಪ್ರಿಯತೆಯನ್ನು ಕ್ರಿಕೆಟ್ಟಿನ ಅಳತೆಯಲ್ಲಿ ಅಳೆಯಬೇಡಿ. 2018ರ ಜೂನ್ 1ರಂದು ಮುಂಬೈಯಲ್ಲಿ ಛೆಟ್ರಿ ಹ್ಯಾಟ್ರಿಕ್ ಹೊಡೆದು ಚೈನೀಸ್ ತೈಪೆಯನ್ನು (ತೈವಾನ್ ತಂಡ) 5-0 ಸೋಲಿಸಿದಾಗ ನೋಡಲು ಬಂದಿದ್ದವರು 2,569 ಜನ! "ಬೈಯುವುದಿದ್ದರೂ ಮೈದಾನಕ್ಕೆ ಬಂದು ಬೈಯಿರಿ" ಎಂದು ಅವರು ವಿಡಿಯೊದಲ್ಲಿ ಕೇಳಿಕೊಂಡ ಮೇಲೆ, 4ರಂದು ಕೀನ್ಯಾ ಪಂದ್ಯಕ್ಕೆ ಮೈದಾನ ತುಂಬಿತು.

ಪ್ರಶ್ನೆ: ಗೋಲಿನಲ್ಲಿ ಛೆಟ್ರಿ ಮೆಸ್ಸಿಗೆ ಸಮ ಅನ್ನುತ್ತಾರಲ್ಲ?
— ಓದುಗರು, ಶ್ರೀರಂಗಪಟ್ಟಣ

ದೇಶಕ್ಕಾಗಿ ಹೊಡೆದ ಗೋಲಿನ ಸಂಖ್ಯೆ ಹತ್ತಿರವಿತ್ತು, ಅಷ್ಟೇ. ಎದುರಾಳಿಗಳು ಬೇರೆ, ಟೂರ್ನಿಗಳು ಬೇರೆ.

ಪ್ರಶ್ನೆ: ನಮ್ಮ ಹೈಸ್ಕೂಲಿನಲ್ಲಿ ಯಾವ ಫುಟ್‌ಬಾಲಿಗ ಹೆಚ್ಚು ಜನಪ್ರಿಯ ಎಂಬ ಸಮೀಕ್ಷೆ ಮಾಡಬೇಕು. ಹೇಗೆ?
— ವಿದ್ಯಾರ್ಥಿನಿ, ಮೈಸೂರು

ಹೆಸರಿನ ಪಟ್ಟಿ ಕೊಟ್ಟು ಟಿಕ್ ಹಾಕಿಸಬೇಡಿ. ಪಟ್ಟಿಯಲ್ಲಿ ಮೊದಲು ಕಂಡ ಹೆಸರಿಗೆ ಸುಮ್ಮನೆ ಓಟು ಬೀಳುತ್ತದೆ. ಖಾಲಿ ಚೀಟಿ ಕೊಟ್ಟು, "ನಿಮಗೆ ಗೊತ್ತಿರುವ ಭಾರತದ ಮೂವರು ಫುಟ್‌ಬಾಲಿಗರು" ಎಂದು ಎರಡು ನಿಮಿಷದಲ್ಲಿ ಬರೆಸಿ. "ಇವರಲ್ಲಿ ಇಷ್ಟವಾದವರು ಯಾರು" ಎಂಬುದನ್ನು ಆಮೇಲೆ, ಬೇರೆ ಚೀಟಿಯಲ್ಲಿ ಕೇಳಿ. ಗೊತ್ತಿರುವುದೇ ಬೇರೆ, ಇಷ್ಟಪಡುವುದೇ ಬೇರೆ. ಒಬ್ಬರ ಎರಡೂ ಚೀಟಿಗೆ ಒಂದೇ ನಂಬರು ಹಾಕಿ.

ಫೋಟೋ ತೋರಿಸುವುದಾದರೆ ಮುಖ ಮಾತ್ರ ಇರಲಿ. ಜೆರ್ಸಿಯ 11 ಕಂಡರೆ ಛೆಟ್ರಿ ಎಂದು ಊಹಿಸಿಬಿಡುತ್ತಾರೆ. ಶಾಲೆಯ ಫುಟ್‌ಬಾಲ್ ತಂಡದವರ ಚೀಟಿ ಬೇರೆ ಎಣಿಸಿ, ಸೇರಿಸಿದರೆ ಲೆಕ್ಕ ಕೆಡುತ್ತದೆ. ದೊಡ್ಡ ಪಂದ್ಯ ನಡೆದ ವಾರ ಬೇಡ. "ಚೆತ್ರಿ", "ಛೇತ್ರಿ" ಎರಡನ್ನೂ ಒಬ್ಬರದೇ ಹೆಸರಾಗಿ ಸೇರಿಸಿಕೊಳ್ಳಿ. ನೂರು ಚೀಟಿಯಲ್ಲಿ ಇಬ್ಬರ ನಡುವೆ ಮೂರು-ನಾಲ್ಕು ಓಟಿನ ಅಂತರವಿದ್ದರೆ ಯಾರನ್ನೂ ಮುಂದೆ ಎನ್ನಬೇಡಿ, ಸಮಸಮ ಎಂದೇ ಬರೆಯಿರಿ.